ಕಪ್ಪು ಫಿಲ್ಮಿನಡಿ ಮಂಕಾಗುವ ಕೆಂಪು ದೀಪ

ಕಬ್ಬಿನ ಹಂಗಾಮು ಶುರುವಾದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ರಸ್ತೆಗಳಿಗೆ ರಾತ್ರಿಯೂ ಬಿಡುವಿಲ್ಲ. ಮುನವಳ್ಳಿ, ಎಂ.ಕೆ.ಹುಬ್ಬಳ್ಳಿಯಂಥ ಕಾರ್ಖಾನೆಯ ಊರುಗಳತ್ತ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಕಟ್ಟಿಕೊಂಡು ಸಾಗುತ್ತವೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂತೆಂದರೆ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗಳು, ನಡೆದು ಹೋಗುವ ಭಕ್ತರು ಬೇರೆ. ಇಂಥ ರಸ್ತೆಯಲ್ಲಿ ಮುಂದಿನ ಕಾರಿನ ಕೆಂಪು ದೀಪ ಕಾಣುವುದೇ ಹಿಂದಿನವನ ಜೀವಕ್ಕೆ ಆಧಾರ. ಆ ದೀಪಕ್ಕೇ ಈಗ ಕೆಲವು ಯುವಕರು ಮನೆಯಲ್ಲಿ ಕೂತು ಕಪ್ಪು ಫಿಲ್ಮ್ ಅಂಟಿಸುತ್ತಿದ್ದಾರೆ.

ಕೆಲಸ ಕಷ್ಟದ್ದಲ್ಲ. ದೀಪವನ್ನು ಚೆನ್ನಾಗಿ ತೊಳೆದು, ಸೋಪಿನ ನೀರು ಚಿಮುಕಿಸಿ, ಹಾಳೆ ಕೂರಿಸಿ, ಹೇರ್ ಡ್ರೈಯರಿನಿಂದ ಬಿಸಿ ಮಾಡುತ್ತ ಎಳೆದರೆ ಅದು ತಿರುವುಗಳಿಗೆ ಹೊಂದಿಕೊಳ್ಳುತ್ತದೆ. ರಬ್ಬರ್ ಪಟ್ಟಿಯಿಂದ ಒತ್ತಿ ಒಳಗಿನ ನೀರು, ಗುಳ್ಳೆ ತೆಗೆದರೆ ಮುಗಿಯಿತು. ಹಗಲಲ್ಲಿ ಕಾರು ಚೆಂದವೇ ಕಾಣುತ್ತದೆ.

ತೊಂದರೆ ಇರುವುದು ಕತ್ತಲಲ್ಲಿ. ಅರ್ಧ ಬೆಳಕನ್ನು ಮಾತ್ರ ಬಿಡುವ ಫಿಲ್ಮ್ ಹಾಕಿದರೆ ಬ್ರೇಕ್ ಲೈಟಿನ ಬೆಳಕು ಅರ್ಧಕ್ಕಿಳಿಯುತ್ತದೆ. ಅದಕ್ಕಿಂತ ದೊಡ್ಡ ನಷ್ಟವೊಂದಿದೆ, ಅದು ಬಹಳ ಜನರ ಗಮನಕ್ಕೆ ಬರುವುದಿಲ್ಲ. ಅನೇಕ ಕಾರುಗಳಲ್ಲಿ ಹಿಂದಿನ ದೀಪದೊಳಗೇ ಕೆಂಪು ರಿಫ್ಲೆಕ್ಟರ್ ಇರುತ್ತದೆ. ಹಿಂದಿನಿಂದ ಬಂದ ಹೆಡ್‌ಲೈಟಿನ ಬೆಳಕು ಫಿಲ್ಮ್ ದಾಟಿ ಒಳಗೆ ಹೋಗಬೇಕು, ಮತ್ತೆ ಅದೇ ಫಿಲ್ಮ್ ದಾಟಿ ಹೊರಬರಬೇಕು. ಅರ್ಧದಲ್ಲಿ ಅರ್ಧವೆಂದರೆ ಉಳಿಯುವುದು ಕಾಲು ಭಾಗ. ಬ್ಯಾಟರಿ ಕೈಕೊಟ್ಟು ರಸ್ತೆ ಬದಿ ನಿಂತ ಕಾರನ್ನು ತೋರಿಸಬೇಕಾದದ್ದು ಆ ರಿಫ್ಲೆಕ್ಟರ್ ಒಂದೇ!

2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್ ಬೇಡವೆಂದದ್ದು ಕಿಟಕಿ ಗಾಜಿನ ವಿಷಯದಲ್ಲಿ. ದೀಪಗಳಿಗೆ ಅದಕ್ಕೂ ಹಳೆಯ ಕಟ್ಟಳೆಯಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 105ನೇ ನಿಯಮದಂತೆ ಹಿಂದಿನ ಕೆಂಪು ದೀಪ 155 ಮೀಟರ್ ದೂರಕ್ಕೆ ಕಾಣಬೇಕು, ನಂಬರ್ ಪ್ಲೇಟ್ ದೀಪದ ಬೆಳಕಿನಲ್ಲಿ 15 ಮೀಟರ್ ದೂರದಿಂದ ಓದಲು ಬರಬೇಕು.

ಹೆಡ್‌ಲೈಟಿಗೆ ಫಿಲ್ಮ್ ಹಾಕುವವರ ಕಾರಣ ಕೆಲವೊಮ್ಮೆ ಬೇರೆ. ಈಗಿನ ಹೆಡ್‌ಲೈಟುಗಳ ಹೊದಿಕೆ ಗಾಜಿನದಲ್ಲ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನದು. ವರ್ಷಗಟ್ಟಲೆ ಬಿಸಿಲಿಗೆ ನಿಂತರೆ ಅದು ಹಳದಿಗಟ್ಟಿ ಮಬ್ಬಾಗುತ್ತದೆ. ಆ ಮಬ್ಬನ್ನು ಬಣ್ಣದ ಹಾಳೆಯಿಂದ ಮುಚ್ಚಿದರೆ ಬೆಳಕು ಇನ್ನಷ್ಟು ಕುಗ್ಗುತ್ತದೆ. ನೀರು ಹಾಕಿ ನಯವಾದ ಪಾಲಿಶ್ ಪೇಪರಿನಿಂದ ಉಜ್ಜಿ, ಪಾಲಿಶ್ ಮಾಡಿ, ಬಿಸಿಲು ತಡೆಯುವ ಬಣ್ಣವಿಲ್ಲದ ಪಾರದರ್ಶಕ ಫಿಲ್ಮ್ ಹಾಕುವುದೇ ಸರಿಯಾದ ಮದ್ದು. ಮನೆಯಲ್ಲಿ ಫಿಲ್ಮ್ ಅಂಟಿಸುವ ಕೈಚಳಕವನ್ನು ಬಳಸಬೇಕಾದದ್ದು ಇಲ್ಲಿ.

ಕಪ್ಪು ಫಿಲ್ಮ್ ಈಗಾಗಲೇ ಹಾಕಿದವರು ದಯವಿಟ್ಟು ತೆಗೆದುಬಿಡಿ. ಹೇರ್ ಡ್ರೈಯರಿನ ಬಿಸಿ ಗಾಳಿ ಹಿಡಿದು ಮೂಲೆಯಿಂದ ನಿಧಾನಕ್ಕೆ ಎಬ್ಬಿಸಿದರೆ ಹಾಳೆ ಬಿಟ್ಟುಕೊಳ್ಳುತ್ತದೆ. ಬ್ಲೇಡ್ ಮಾತ್ರ ತಾಗಿಸಬೇಡಿ, ಪ್ಲಾಸ್ಟಿಕ್ಕಿನ ಮೇಲೆ ಗೀರು ಬೀಳುತ್ತದೆ.