ಬಹುಕಾಲ ನಿಂತ ಎಂಜಿನ್: ಮರುಚಾಲನೆಯ ಕ್ರಮ

ಕನ್ನಡ ಮನೆಮಾತಿನ ದೇವಾಂಗ, ಒಕ್ಕಲಿಗ ಕುಟುಂಬಗಳು ತಲೆಮಾರುಗಳಿಂದ ನೆಲೆಸಿರುವ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಿಗೆ ಮೋಟಾರು ವಾಹನಗಳೊಡನೆ ಶತಮಾನದ ನಂಟಿದೆ. ಜಿ. ಡಿ. ನಾಯ್ಡು (1893–1974) ಅವರು 1920ರಲ್ಲಿ ಒಂದೇ ಬಸ್ಸಿನೊಡನೆ ಪೊಳ್ಳಾಚಿ–ಪಳನಿ ಮಾರ್ಗದಲ್ಲಿ ಸಾರಿಗೆ ಆರಂಭಿಸಿದರು. ಆ ಮಾರ್ಗದ ನಡುವಣ ಉಡುಮಲಪೇಟೆ ಇಂದು ತಿರುಪ್ಪೂರು ಜಿಲ್ಲೆಯಲ್ಲಿದೆ. ಕೊಯಮತ್ತೂರಿನ ಅವಿನಾಶಿ ರಸ್ತೆಯ ಜೀಡೀ ಕಾರು ಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ಕಾಪಾಡಿ ಇರಿಸಲಾಗಿದೆ. ಇಂತಹ ಆರೈಕೆಯಿಲ್ಲದೆ ಮನೆಯ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತ ಕಾರಿನ ಎಂಜಿನ್ನನ್ನು ಮತ್ತೆ ನಡೆಸುವುದು ಹೇಗೆ? ಅಲ್ಲಿ ಆತುರವೇಕೆ ಸಲ್ಲದು?

ಎಂಜಿನ್ ಓಡಾಟದಿಂದ ಸವೆಯುತ್ತದೆ, ನಿಲುಗಡೆಯಿಂದ ಕೆಡುತ್ತದೆ. ಸಿಲಿಂಡರಿನ ಗೋಡೆಯನ್ನು ಕಾಯುವ ಎಣ್ಣೆಯ ಪದರ ಕ್ರಮೇಣ ಕೆಳಕ್ಕಿಳಿಯುತ್ತದೆ. ನಾಲ್ಕು ಸಿಲಿಂಡರುಗಳ ಎಂಜಿನ್ ನಿಂತಾಗ ಸಾಮಾನ್ಯವಾಗಿ ಒಂದಲ್ಲ ಒಂದು ಕವಾಟ ತೆರೆದೇ ಇರುತ್ತದೆ. ಮುಂಗಾರಿನಲ್ಲಿ ಪಾಲಕ್ಕಾಡು ಕಣಿವೆಯ ಮೂಲಕ ಬೀಸುವ ತೇವದ ಗಾಳಿ ಆ ದಾರಿಯಿಂದ ಒಳಹೊಕ್ಕರೆ, ಗೋಡೆಗೂ ಪಿಸ್ಟನ್ನಿನ ಉಂಗುರಗಳಿಗೂ ನಡುವೆ ತುಕ್ಕು ಕಟ್ಟಿ ಎರಡನ್ನೂ ಬೆಸೆಯುತ್ತದೆ. ಹಳೆಯ ಪೆಟ್ರೋಲು ಅಂಟಾಗಿ ಕಾರ್ಬ್ಯುರೇಟರಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತದೆ.

ಆದುದರಿಂದ ಬ್ಯಾಟರಿಯನ್ನು ಜೋಡಿಸುವ ಮೊದಲೇ ಸ್ಪಾರ್ಕ್ ಪ್ಲಗ್ಗುಗಳನ್ನು ಕಳಚಿ, ಪ್ರತಿ ಸಿಲಿಂಡರಿಗೂ ತೆಳುವಾದ ಎಣ್ಣೆಯನ್ನು ಹನಿಸಿ ಕೆಲವು ದಿನ ಬಿಡಬೇಕು. ಬಳಿಕ ಗೇರನ್ನು ನ್ಯೂಟ್ರಲ್‌ನಲ್ಲಿರಿಸಿ, ಕ್ರ್ಯಾಂಕ್ ಹಿಡಿಕೆಯಿಂದ ಮೆಲ್ಲನೆ ತಿರುಗಿಸಿ ನೋಡಬೇಕು. ತಡೆ ಕಂಡರೆ ಮತ್ತೆ ಎಣ್ಣೆ ಹನಿಸಿ ಕಾಯಬೇಕು. ಬಲ ಪ್ರಯೋಗಿಸಿದರೆ ಉಂಗುರ ಮುರಿದು ಗೋಡೆಯನ್ನು ಗೀರಬಹುದು. ಅಂಬಾಸಿಡರ್ ಕಾರಿನ ತಯಾರಿಕೆಯೇ 2014ರಲ್ಲಿ ನಿಂತಿತು. ಅದಕ್ಕೂ ಹಳೆಯ ಕಾರುಗಳ ಬಿಡಿಭಾಗಗಳು ಇನ್ನೂ ದುರ್ಲಭ. ಪಂಪು, ಮೋಟಾರುಗಳಿಗೆ ಹೆಸರಾದ ಕೊಯಮತ್ತೂರಿನ ಲೇತ್ ಕುಶಲಿಗಳು ಕೆಲವು ಭಾಗಗಳನ್ನು ಕಡೆದುಕೊಡಬಲ್ಲರು. ಆದರೆ ಒಡೆದ ಎಂಜಿನ್ ಬ್ಲಾಕನ್ನು ಮೊದಲಿನಂತಾಗಿಸುವುದು ಸುಲಭವಲ್ಲ.

ಎಂಜಿನ್ ಸರಾಗವಾಗಿ ತಿರುಗಿದ ಮೇಲೆ ಹಳೆಯ ಎಣ್ಣೆಯನ್ನು ಹೊರಹಾಕಿ ಹೊಸದನ್ನು ತುಂಬಬೇಕು. ಕವಾಟಗಳು ಸಿಕ್ಕಿಕೊಂಡಿಲ್ಲವೆಂದು ಪರೀಕ್ಷಿಸಬೇಕು. ರೇಡಿಯೇಟರನ್ನು ತೊಳೆದು, ಬಿರುಕುಬಿಟ್ಟ ರಬ್ಬರು ಕೊಳವೆಗಳನ್ನು ಬದಲಿಸಿ, ಹೊಸ ನೀರು ತುಂಬಬೇಕು. ಕಾರ್ಬ್ಯುರೇಟರನ್ನೂ ಕಿಡಿಯ ಸಂಪರ್ಕಬಿಂದುಗಳನ್ನೂ ಶುಚಿಗೊಳಿಸಬೇಕು. ಅನಂತರ ಬ್ಯಾಟರಿಯನ್ನು ಜೋಡಿಸಿ, ಕಿಡಿಯ ವಿದ್ಯುತ್ತನ್ನು ತಪ್ಪಿಸಿ, ಪ್ಲಗ್ಗುಗಳಿಲ್ಲದೆಯೇ ಎಂಜಿನ್ನನ್ನು ತಿರುಗಿಸಬೇಕು. ಆಗ ಎಣ್ಣೆ ಒಣಗಿದ ಬೇರಿಂಗುಗಳನ್ನು ತಲುಪಿ, ಅದರ ಒತ್ತಡ ಮಾಪಕದಲ್ಲಿ ತೋರುತ್ತದೆ.

ಇಷ್ಟಾದ ಮೇಲೆ ಪ್ಲಗ್ಗುಗಳನ್ನು ಕೂರಿಸಿ, ಹಳೆಯ ಟ್ಯಾಂಕಿನ ಬದಲು ಬೇರೊಂದು ಶುದ್ಧ ಪಾತ್ರೆಯಿಂದ ಹೊಸ ಪೆಟ್ರೋಲು ಒದಗಿಸಿ, ಬಯಲಿನಲ್ಲಿ ಎಂಜಿನ್ನನ್ನು ಆರಂಭಿಸಬಹುದು. ಹನಿಸಿದ ಎಣ್ಣೆ ಉರಿಯುವುದರಿಂದ ಮೊದಲಿಗೆ ಹೊಗೆ ಬರುವುದು ಸಹಜ. ಕೆಲವೇ ಕ್ಷಣಗಳಲ್ಲಿ ಎಣ್ಣೆಯ ಒತ್ತಡ ಕಾಣದಿದ್ದರೆ ಕೂಡಲೇ ನಿಲ್ಲಿಸಬೇಕು. ಎಂಜಿನ್ ನಡೆದರೂ ಬ್ರೇಕುಗಳ ಪರೀಕ್ಷೆ ಮುಗಿಯುವ ತನಕ ಕಾರು ರಸ್ತೆಗಿಳಿಯಬಾರದು. ದಶಕಗಳ ಕಾಲ ನಿಂತ ಯಂತ್ರಕ್ಕಾಗಿ ಇನ್ನೂ ಕೆಲವು ದಿನ ಕಾಯುವುದು ನಷ್ಟವೇನಲ್ಲ. ಕಾಯದಿದ್ದರೆ ಆ ಯಂತ್ರವೇ ನಷ್ಟವಾದೀತು.