ಕೋವಿ ಕೆಳಗಿಟ್ಟು ನೇಗಿಲು ಹಿಡಿದ ಕ್ಯಾಪ್ಟನ್

ಅಣೆಕಟ್ಟಿನ ನೀರಿಗೆ ಎರಡು ಮುಖ. ಭದ್ರಾ ನಾಲೆಯಿಂದ ನಮ್ಮ ಚನ್ನಗಿರಿ ಸೀಮೆಯ ಎಷ್ಟೋ ತೋಟಗಳು ಹಸಿರಾದವು. ಹಾಸನ ಜಿಲ್ಲೆಯ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಹಲವರ ಹೊಲಗದ್ದೆ ಮುಳುಗಿತು. ಹಾಗೆ ಜಮೀನು ಕಳೆದುಕೊಂಡವರಲ್ಲಿ ಗೊರೂರಿನ ಮೇಷ್ಟ್ರೊಬ್ಬರ ಕುಟುಂಬವೂ ಒಂದು. ಅವರ ಮಗನೇ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್.

1951ರಲ್ಲಿ ಜನಿಸಿದ ಗೋಪಿನಾಥ್ ವಿಜಾಪುರದ ಸೈನಿಕ ಶಾಲೆಯಲ್ಲಿ ಓದಿ, ಸೇನೆ ಸೇರಿ, 1971ರ ಬಾಂಗ್ಲಾ ವಿಮೋಚನಾ ಯುದ್ಧದಲ್ಲಿ ಪಾಲ್ಗೊಂಡರು. ಎಂಟು ವರ್ಷ ಸೇವೆ ಸಲ್ಲಿಸಿ, 28ನೇ ವಯಸ್ಸಿಗೆ ಊರಿಗೆ ಮರಳಿದಾಗ ಕಾದಿದ್ದುದು ಪರಿಹಾರವಾಗಿ ಸಿಕ್ಕಿದ್ದ ಬರಡು ಭೂಮಿ. ಅಲ್ಲಿಯೇ ಗುಡಾರ ಹಾಕಿ ನೆಲೆಸಿದರು. ಹೈನುಗಾರಿಕೆ, ಕೋಳಿ ಸಾಕಣೆ, ರೇಷ್ಮೆ ಎಲ್ಲವನ್ನೂ ಮಾಡಿ ನೋಡಿದರು. ಮದುವೆಯಾದ ಮೇಲೆ ಪತ್ನಿ ಭಾರ್ಗವಿಯವರೂ ತೋಟದ ಬದುಕಿಗೆ ಹೆಗಲು ಕೊಟ್ಟರು.

ವಿದ್ಯಾರ್ಥಿಗಳು ಇಲ್ಲೊಂದು ವಿಜ್ಞಾನದ ಪಾಠವನ್ನು ಗಮನಿಸಬೇಕು. ರೇಷ್ಮೆಹುಳುವೂ ಒಂದು ಕೀಟವೇ. ಹಿಪ್ಪುನೇರಳೆಗೆ ಸಿಂಪಡಿಸಿದ ಕೀಟನಾಶಕ ಸೊಪ್ಪಿನಲ್ಲಿ ಉಳಿದರೆ ಅದೂ ಸಾಯುತ್ತದೆ. ನಾಲ್ಕು ಸಲ ಪೊರೆ ಕಳಚಿ, ಸುಮಾರು ಒಂದು ಕಿಲೋಮೀಟರ್ ಉದ್ದದ ಒಂದೇ ಎಳೆಯಿಂದ ಗೂಡು ಕಟ್ಟುವ ಜೀವವದು. ಪರಿಸರಕ್ಕೆ ಒಗ್ಗುವ ರೇಷ್ಮೆ ಕೃಷಿಗಾಗಿ 1996ರಲ್ಲಿ ಗೋಪಿನಾಥರಿಗೆ ರೋಲೆಕ್ಸ್ ಪ್ರಶಸ್ತಿ ಬಂತು.

2003ರಲ್ಲಿ ಅವರು ಆರಂಭಿಸಿದ ಅಗ್ಗದ ದರದ 'ಏರ್ ಡೆಕ್ಕನ್' ವಿಮಾನಗಳನ್ನು ಜನ ಇಂದೂ ನೆನೆಯುತ್ತಾರೆ. ಅದಕ್ಕೂ ಮುನ್ನ ಬರಡು ನೆಲದಲ್ಲಿ ಬೆವರು ಸುರಿಸಿದ ವರ್ಷಗಳನ್ನು ಮರೆಯಬಾರದು. ಮಕ್ಕಳು ಹೊಲದ ಕಡೆ ಮುಖ ಮಾಡಿದರೆ ಓದಿಸಿದ್ದೆಲ್ಲ ವ್ಯರ್ಥವಾಯಿತೆಂದು ಕೊರಗುವ ತಂದೆತಾಯಂದಿರು ಈ ಬದುಕನ್ನೊಮ್ಮೆ ನೋಡಲಿ. ಬೇಸಾಯಕ್ಕೂ ವಿದ್ಯೆ ಬೇಕು, ಶಿಸ್ತು ಬೇಕು.