ನಾಯಿಗೆ ಹೊಟ್ಟೆ ಕೆಟ್ಟರೆ

ಅಮರಾವತಿ ನದಿಯ ದಡದಲ್ಲಿರುವ ಧಾರಾಪುರಂ 2009ರಿಂದ ತಿರುಪ್ಪೂರು ಜಿಲ್ಲೆಗೆ ಸೇರಿದೆ. ಈ ಸೀಮೆಯಲ್ಲಿ ಮುಳ್ಳುಬೇಲಿ ಹಾಕಿದ ‘ಕೊರಂಗಾಡು’ ಎಂಬ ಹುಲ್ಲುಗಾವಲುಗಳಿವೆ. ಕುರಿ, ದನ ಮೇಯುವ ಇಂಥ ಕಡೆ ನಾಯಿಯು ಬರಿಯ ಮುದ್ದಿನ ಪ್ರಾಣಿಯಲ್ಲ, ಹಟ್ಟಿಯ ಕಾವಲುಗಾರ. ಅದು ಒಂದು ದಿನ ಕೂಳು ಮುಟ್ಟದೆ ಮೂಲೆ ಹಿಡಿದರೆ ಮನೆಯವರೆಲ್ಲರಿಗೂ ಚಿಂತೆ. ಮಾತು ಬಾರದ ಆ ಪ್ರಾಣಿಯ ಕಷ್ಟವನ್ನು ನಾವೇ ಅರಿಯಬೇಕು.

ಹಳಸಿದ ಅನ್ನ, ಹಬ್ಬದೂಟದ ಎಣ್ಣೆ-ಮಸಾಲೆ, ಎಲುಬಿನ ಚೂರು, ಜಂತುಹುಳು ಇವೇ ಹೊಟ್ಟೆ ಕೆಡಲು ಸಾಮಾನ್ಯ ಕಾರಣಗಳು. ಹುಲ್ಲು ತಿಂದು ಒಮ್ಮೆ ವಾಂತಿ ಮಾಡಿ, ಮತ್ತೆ ಲವಲವಿಕೆಯಿಂದ ಓಡಾಡಿದರೆ ಗಾಬರಿ ಬೇಡ. ಮೈ ಮುಟ್ಟಿ ನೋಡಿ ಜ್ವರವೆಂದೂ ತೀರ್ಮಾನಿಸಬಾರದು. ನಾಯಿಯ ಸಹಜ ಶಾಖವೇ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ.

ಬೆಳೆದ ನಾಯಿ ವಾಂತಿ ಮಾಡುತ್ತಿದ್ದರೆ ಎಂಟು-ಹತ್ತು ಗಂಟೆ ಆಹಾರ ನಿಲ್ಲಿಸಿ, ನೀರನ್ನು ಸ್ವಲ್ಪಸ್ವಲ್ಪವಾಗಿ ಪದೇಪದೇ ಇಡಬೇಕು. ಆಮೇಲೆ ಮೆತ್ತಗೆ ಬೇಯಿಸಿದ ಅನ್ನಕ್ಕೆ ಎಲುಬಿಲ್ಲದ ಬೆಂದ ಕೋಳಿಮಾಂಸ ಸೇರಿಸಿ, ದಿನಕ್ಕೆ ನಾಲ್ಕು ಸಲ ಸ್ವಲ್ಪವೇ ಕೊಡಬೇಕು. ಉಪ್ಪು, ಖಾರ, ಎಣ್ಣೆ, ಈರುಳ್ಳಿ ಬೇಡ; ಹಾಲೂ ಬೇಡ. ನಮ್ಮ ಜ್ವರದ, ನೋವಿನ ಮಾತ್ರೆಗಳು ನಾಯಿಗೆ ವಿಷವಾಗಬಲ್ಲವು. ಮರಿಗಳನ್ನಂತೂ ಉಪವಾಸ ಕೆಡವಲೇಬಾರದು.

ಮಲದಲ್ಲಿ ರಕ್ತ, ನಿಲ್ಲದ ವಾಂತಿ, ಬಿಳಿಚಿದ ವಸಡು, ಉಬ್ಬಿದ ಹೊಟ್ಟೆ, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಕುತ್ತಿಗೆಯ ಬಳಿಯ ಚರ್ಮವನ್ನು ಎತ್ತಿ ಬಿಟ್ಟಾಗ ಅದು ಕೂಡಲೇ ಮೊದಲಿನಂತಾಗದಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದರ್ಥ. 1978ರಲ್ಲಿ ಗುರುತಿಸಲ್ಪಟ್ಟು ಎರಡು ವರ್ಷಗಳೊಳಗೆ ಜಗತ್ತಿನಾದ್ಯಂತ ಹರಡಿದ ಪಾರ್ವೊ ರೋಗ ಮರಿಗಳನ್ನು ಎರಡು-ಮೂರು ದಿನಗಳಲ್ಲೇ ಬಲಿ ತೆಗೆದುಕೊಳ್ಳಬಲ್ಲದು. ಇದನ್ನು ತಡೆಯಲು ಲಸಿಕೆಯಿದೆ.

ಇನ್ನೊಂದು ಎಚ್ಚರಿಕೆ. ನಾಯಿ ಜೊಲ್ಲು ಸುರಿಸುತ್ತ ನೀರನ್ನೂ ನುಂಗಲಾರದೆ ಇದ್ದರೆ, ಗಂಟಲಲ್ಲಿ ಎಲುಬು ಸಿಕ್ಕಿದೆಯೆಂದು ಬಾಯೊಳಗೆ ಕೈ ಹಾಕಬೇಡಿ. ಅದು ಹುಚ್ಚುನಾಯಿ ರೋಗವೂ ಆಗಿರಬಹುದು. ಕಚ್ಚಿದರೆ ಅಥವಾ ಗಾಯಕ್ಕೆ ಜೊಲ್ಲು ತಾಗಿದರೆ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು.

ಕುರಿ ಕೊಯ್ದಾಗ ಹಸಿ ಕರುಳು, ಯಕೃತ್ತು, ಶ್ವಾಸಕೋಶಗಳನ್ನು ನಾಯಿಗೆ ಎಸೆಯುವ ವಾಡಿಕೆಯನ್ನೂ ಬಿಡಬೇಕು. ಅವುಗಳಲ್ಲಿ ಲಾಡಿಹುಳುವಿನ ಮರಿಗಳಿರಬಹುದು. ಅವು ನಾಯಿಯ ಹೊಟ್ಟೆಯಲ್ಲಿ ಬೆಳೆದು, ಮಲದ ಮೂಲಕ ಮೊಟ್ಟೆಗಳಾಗಿ ಹೊರಬರುತ್ತವೆ. ಆ ಮೊಟ್ಟೆಗಳು ಮಕ್ಕಳ ಬಾಯಿ ಸೇರಿದರೆ ಅವರ ಯಕೃತ್ತಿನಲ್ಲಿ, ಶ್ವಾಸಕೋಶದಲ್ಲಿ ನೀರುಗಂಟುಗಳು ಬೆಳೆಯುತ್ತವೆ. ಆದ್ದರಿಂದ ನಾಯಿಗೆ ವೈದ್ಯರು ಹೇಳಿದಂತೆ ಜಂತಿನ ಔಷಧ ಹಾಕಿಸಬೇಕು. ಅದನ್ನು ಮುಟ್ಟಿದ ಮೇಲೆ ನಾವು ಕೈ ತೊಳೆಯಬೇಕು.

ರಾತ್ರಿಯಿಡೀ ಎಚ್ಚರವಿದ್ದು ನಮ್ಮ ಹಟ್ಟಿಯನ್ನು ಕಾಯುವ ಪ್ರಾಣಿಯಿದು. ಅದರ ಆರೋಗ್ಯ ಕಾಯುವುದರಲ್ಲಿ ನಮ್ಮ ಆರೋಗ್ಯವೂ ಅಡಗಿದೆ.